ಹೆಬ್ಬೆರಳಿನ ಅಳತೆ

ದೊಡ್ಡ ಪರದೆಯ ಫೋನ್ ಕೊಂಡ ಮೇಲೆ ನನಗೆ ಮೊದಲು ಅರಿವಾದದ್ದು, ನನ್ನ ಹೆಬ್ಬೆರಳು ನಾನೆಣಿಸಿದ್ದಕ್ಕಿಂತ ಗಿಡ್ಡ ಎಂಬುದು. ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದರಲ್ಲಿ ಫೋನ್ ಬಳಸುವಾಗ, ಪರದೆಯ ಮೇಲಿನ ಮೂಲೆಯನ್ನು ಮುಟ್ಟಲು ಹಿಡಿತ ಸಡಿಲಿಸಿ, ಇಡೀ ಭಾರವನ್ನು ಕಿರುಬೆರಳಿನ ಮೇಲೆ ಹೊರಿಸಿ, ಫೋನನ್ನು ಅಂಗೈಯಲ್ಲೇ ಕೆಳಕ್ಕೆ ಜಾರಿಸಬೇಕಾಗುತ್ತಿತ್ತು. ಹೀಗೆಯೇ ಅದು ಎರಡು ಬಾರಿ ನೆಲ ಕಂಡಿತು. 2007ರ ಮೊದಲ ಐಫೋನಿನ ಪರದೆ 3.5 ಇಂಚಿನದು. ಈಗ 6.5 ಇಂಚು ದಾಟಿದವೇ ಸಾಮಾನ್ಯ, ಕೈ ಮಾತ್ರ ಇದ್ದಷ್ಟೇ ಇದೆ.

2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲೇ ಒಂದು ಕೈ ಬಳಕೆಗೆಂದು ಪ್ರತ್ಯೇಕ ಸೌಲಭ್ಯ ಸೇರಿತ್ತೆಂಬುದು ನನಗೆ ತಿಳಿದದ್ದು ಈ ವಾರವಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿಟ್ಟುಕೊಂಡು, ಪರದೆಯ ತಳದಂಚಿನ ಬಳಿ ಬೆರಳನ್ನು ಕೆಳಮುಖವಾಗಿ ಎಳೆದರೆ, ಮೇಲಿನ ಭಾಗವೆಲ್ಲ ಹೆಬ್ಬೆರಳಿಗೆ ಎಟುಕುವಷ್ಟು ಕೆಳಗಿಳಿದು ಬರುತ್ತದೆ. ಐಫೋನಿನಲ್ಲಿ ಇಂಥದ್ದೇ ಏರ್ಪಾಡು 2014ರಿಂದಲೂ ಇದೆ. ಕೀಲಿಮಣೆಯನ್ನು ಕಿರಿದಾಗಿಸಿ ಬಲಬದಿಗೆ ಸರಿಸಿಕೊಂಡೆ, ದಿನವೂ ಬೇಕಾಗುವ ಆ್ಯಪ್‌ಗಳನ್ನು ಕೆಳಗಿನ ಸಾಲುಗಳಿಗೆ ಇಳಿಸಿದೆ. ಇಷ್ಟೆಲ್ಲ ತಂತ್ರಜ್ಞಾನಕ್ಕಿಂತ ಹೆಚ್ಚಿನ ನೆಮ್ಮದಿ ಕೊಟ್ಟಿರುವುದು ಫೋನಿನ ಬೆನ್ನಿಗೆ ಅಂಟಿಸಿದ, ಬೆರಳು ತೂರಿಸುವ ಪುಟ್ಟ ಉಂಗುರವೆಂದು ಒಪ್ಪಿಕೊಳ್ಳಲು ಮಾತ್ರ ಸ್ವಲ್ಪ ಸಂಕೋಚವಾಗುತ್ತಿದೆ.