ಬ್ರಿಟನ್ನಿನಲ್ಲಿ ಸ್ವಂತ ದುಡಿಮೆ, ಹತ್ತು ವರ್ಷ ತುಂಬದ ಪಿಂಚಣಿ

"ನಿಮಗೇನಪ್ಪ, ವಯಸ್ಸಾದ ಮೇಲೆ ಅಲ್ಲಿನ ಸರ್ಕಾರವೇ ಪಿಂಚಣಿ ಕೊಡುತ್ತೆ" ಅಂತ ಊರಿಗೆ ಬಂದಾಗಲೆಲ್ಲ ಯಾರಾದರೂ ಹೇಳುತ್ತಾರೆ. ಕೊಡುತ್ತದೆ, ನಿಜ. ಆದರೆ ಇಲ್ಲಿ ಬಾಳಿದ ವರ್ಷಗಳನ್ನು ನೋಡಿ ಕೊಡುವುದಿಲ್ಲ, ನ್ಯಾಷನಲ್ ಇನ್ಶೂರೆನ್ಸ್ (ದುಡಿಯುವವರು ಸರ್ಕಾರಕ್ಕೆ ಕಟ್ಟುವ ವಂತಿಗೆ) ದಾಖಲೆಯಲ್ಲಿ ಎಷ್ಟು ವರ್ಷ ಜಮೆಯಾಗಿದೆ ಎಂದು ನೋಡಿ ಕೊಡುತ್ತದೆ. ಸಂಬಳದವರಿಗೆ ಈ ಹಣ ಸಂಬಳದಲ್ಲೇ ಮುರಿದುಹೋಗುತ್ತದೆ, ಅವರು ಯೋಚಿಸಬೇಕಾದ್ದು ಕಡಿಮೆ. ಮನೆಯಲ್ಲಿ ಸಂಗೀತ ಹೇಳಿಕೊಡುವವರು, ಊಟದ ಡಬ್ಬಿ ಮಾಡಿಕೊಡುವವರು, ಟ್ಯಾಕ್ಸಿ ಓಡಿಸುವವರು, ಮಕ್ಕಳನ್ನು ನೋಡಿಕೊಳ್ಳುವವರು ತಮ್ಮ ಲೆಕ್ಕವನ್ನು ತಾವೇ ನೋಡಿಕೊಳ್ಳಬೇಕು. ನಮ್ಮವರಲ್ಲಿ ಇಂಥವರು ಬಹಳ ಮಂದಿ ಇರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ.

2016ರ ಏಪ್ರಿಲ್ 6ರಿಂದೀಚೆಗೆ ಪಿಂಚಣಿ ವಯಸ್ಸು ತಲುಪುವವರಿಗೆ ಹೊಸ ನಿಯಮ. ಪೂರ್ತಿ ಮೊತ್ತಕ್ಕೆ ಸಾಮಾನ್ಯವಾಗಿ 35 ವರ್ಷದ ಜಮೆ ಬೇಕು. 2025-26ರಲ್ಲಿ ಅದು ವಾರಕ್ಕೆ 230.25 ಪೌಂಡ್ ಇತ್ತು. 2016ಕ್ಕೂ ಮುಂಚೆ ಇಲ್ಲಿ ಕೆಲಸ ಮಾಡಿ, ಕಂಪನಿ ಪಿಂಚಣಿಯ ಕಾರಣಕ್ಕೆ ಕಡಿಮೆ ವಂತಿಗೆ ಕಟ್ಟಿದವರ ಲೆಕ್ಕ ಸ್ವಲ್ಪ ಬೇರೆ. ವರ್ಷ ಕಡಿಮೆಯಾದಂತೆ ಮೊತ್ತವೂ ಇಳಿಯುತ್ತದೆ. ಆದರೆ ಹತ್ತು ವರ್ಷಕ್ಕೆ ಕಡಿಮೆಯಾದರೆ ಬಿಡಿಗಾಸೂ ಇಲ್ಲ. ಒಂಬತ್ತು ವರ್ಷ ಕಟ್ಟಿದವರೂ ಬರಿಗೈ. ಊರಿನಲ್ಲಿ ಪಿ.ಎಫ್. ಕಟ್ಟಿದ ವರ್ಷಗಳನ್ನು ಇದಕ್ಕೆ ಸೇರಿಸಲು ಬರುವುದಿಲ್ಲ.

ನಾನು ಅಕ್ಕ ಎಂದು ಕರೆಯುವ ಒಬ್ಬರಿದ್ದಾರೆ. ನಲವತ್ತು ದಾಟಿದ ಮೇಲೆ ಇಲ್ಲಿಗೆ ಬಂದವರು. ಮೊದಲು ಅಂಗಡಿಯಲ್ಲಿ ಕೆಲಸ ಮಾಡಿದರು, ಆಮೇಲೆ ಮನೆಯಿಂದಲೇ ಅಡುಗೆ ಮಾಡಿ ಕೊಡತೊಡಗಿದರು. ವರ್ಷಕ್ಕೆ ಐದು ಸಾವಿರ ಪೌಂಡಿನಷ್ಟು ಲಾಭ. ತೆರಿಗೆ ಬೀಳುವುದಿಲ್ಲವಲ್ಲ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು. ಈಗ 61 ವಯಸ್ಸು. ದಾಖಲೆ ತೆಗೆದು ನೋಡಿದರೆ ಏಳೇ ವರ್ಷ. ಬೆಳಗಿನ ಜಾವ ಎದ್ದು ಒಲೆ ಹಚ್ಚಿದ ಅಷ್ಟೂ ವರ್ಷ ಲೆಕ್ಕಕ್ಕೇ ಬಂದಿಲ್ಲ. ಆ ಪರದೆಯನ್ನು ಅವರು ನೋಡುತ್ತ ಕೂತಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಇದಕ್ಕೆ ದಾರಿ ಇದೆ, ಅದೂ ದುಬಾರಿಯದಲ್ಲ. ಸ್ವಂತ ದುಡಿಮೆಯ ಲಾಭ 2025-26ರಲ್ಲಿ 6,845 ಪೌಂಡ್ ಅಥವಾ ಮೇಲಿದ್ದರೆ, ತೆರಿಗೆ ರಿಟರ್ನ್ ಸಲ್ಲಿಸಿದರೆ ಸಾಕು, ಆ ವರ್ಷ ಕಟ್ಟಿದಂತೆಯೇ ದಾಖಲಾಗುತ್ತದೆ. ಲಾಭ 12,570 ಪೌಂಡ್ ದಾಟುವವರೆಗೆ ಇದಕ್ಕಾಗಿ ಕೈಯಿಂದ ಒಂದು ಪೆನ್ನಿಯೂ ಹೋಗುವುದಿಲ್ಲ. ಲಾಭ 6,845ಕ್ಕಿಂತ ಕಡಿಮೆಯಿದ್ದಾಗಲೇ ವರ್ಷ ಖಾಲಿ ಉಳಿಯುವುದು. ಆಗ ನಾವಾಗಿಯೇ ಕ್ಲಾಸ್ 2 ಎಂಬ, ಸ್ವಂತ ದುಡಿಮೆಯವರ ವಂತಿಗೆ ಕಟ್ಟುತ್ತೇವೆಂದು ರಿಟರ್ನಿನಲ್ಲಿ ಗುರುತು ಹಾಕಬೇಕು. 2025-26ರಲ್ಲಿ ಅದು ವಾರಕ್ಕೆ 3.50 ಪೌಂಡ್, ಇಡೀ ವರ್ಷಕ್ಕೆ 182. ಜನವರಿ 31ರೊಳಗೆ ಕಟ್ಟಬೇಕು. ಆ ಒಂದು ಗುರುತು ಹಾಕದೆ ಎಷ್ಟು ಜನ ವರ್ಷಗಳನ್ನು ಕಳೆದುಕೊಳ್ಳುತ್ತಿದ್ದಾರೋ ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಅಕ್ಕನಿಗೆ ಪಿಂಚಣಿ ವಯಸ್ಸು 67, ಇನ್ನೂ ಸಮಯವಿದೆ. ಮೂರು ವರ್ಷ ಕಟ್ಟಿದರೆ 2025-26ರ ದರದಲ್ಲಿ 546 ಪೌಂಡ್. ಹತ್ತು ವರ್ಷ ತುಂಬಿದ ಮೇಲೆ ಅದೇ ವರ್ಷದ ದರದಲ್ಲಿ ಬರುವುದು ವಾರಕ್ಕೆ ಸುಮಾರು 65.79, ವರ್ಷಕ್ಕೆ 3,400 ಪೌಂಡಿಗೂ ಮಿಕ್ಕಿ, ಬದುಕಿರುವಷ್ಟು ಕಾಲ. ಹಿಂದಿನ ಖಾಲಿ ವರ್ಷಗಳನ್ನೂ ಸಾಮಾನ್ಯವಾಗಿ ಆರು ವರ್ಷದವರೆಗೆ ತುಂಬಬಹುದು. ಸ್ವಂತ ದುಡಿಮೆ ಇಲ್ಲದವರು ಕಟ್ಟಬೇಕಾದ್ದು ಕ್ಲಾಸ್ 3 ವಂತಿಗೆ, ಅದು 2025-26ರಲ್ಲಿ ವಾರಕ್ಕೆ 17.75, ವರ್ಷಕ್ಕೆ 923 ಪೌಂಡ್. ಅದೂ ನಷ್ಟದ ಬಾಬತ್ತಲ್ಲ: ಒಂದು ವರ್ಷದ ಜಮೆಯಿಂದ ಪಿಂಚಣಿ ಅದೇ ವರ್ಷದ ದರದಲ್ಲಿ ವರ್ಷಕ್ಕೆ ಸುಮಾರು 342 ಪೌಂಡ್ ಏರುತ್ತದೆ. ಹಣ ಕಟ್ಟುವ ಮುಂಚೆ ಮಾತ್ರ ಸರ್ಕಾರದ ಜಾಲತಾಣದಲ್ಲಿ ನಿಮ್ಮ ಪಿಂಚಣಿ ಅಂದಾಜು ನೋಡಿ, ಯಾವ ವರ್ಷ ತುಂಬಿದರೆ ನಿಜಕ್ಕೂ ಮೊತ್ತ ಏರುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಮನೆಯಲ್ಲಿ 12 ವರ್ಷದೊಳಗಿನ ಮಗುವಿದ್ದರೆ, ಮಕ್ಕಳನ್ನು ಸಾಕಲು ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕಿದವರಿಗೆ ಪುಕ್ಕಟೆ ಜಮೆಯೂ ಸಿಗುತ್ತದೆ. ದುಡಿಮೆ ಇಲ್ಲದ ಅಥವಾ ಕಡಿಮೆ ಇರುವವರ ಹೆಸರಿನಲ್ಲೇ ಆ ಅರ್ಜಿ ಇರಲಿ.

ಈ ಪಿಂಚಣಿಗೆ ಬ್ರಿಟನ್ನಿನ ಪೌರತ್ವ ಬೇಡ. ಊರಿಗೆ ಮರಳಿ ಕೂತರೂ ಬರುತ್ತದೆ. ಆದರೆ ನನಗೆ ಸಹಿಸಲಾಗದ ಸಂಗತಿ ಇಲ್ಲೇ ಇದೆ. ಬ್ರಿಟನ್ನಿನಲ್ಲಿರುವವರಿಗೆ ಪಿಂಚಣಿ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ, ಅಮೆರಿಕದಲ್ಲಿ ನೆಲೆಸಿದವರಿಗೂ ಏರುತ್ತದೆ. ಭಾರತದಲ್ಲಿರುವವರಿಗೆ ಏರುವುದಿಲ್ಲ. 2000ದಲ್ಲಿ ಹಳೆಯ ನಿಯಮದ ಮೂಲ ಪಿಂಚಣಿ ವಾರಕ್ಕೆ 67.50 ಪೌಂಡ್ ಇತ್ತು. ಆ ವರ್ಷ ಪಿಂಚಣಿ ಪಡೆದು ಭಾರತಕ್ಕೆ ಹೋಗಿ ನೆಲೆಸಿದವರಿಗೆ ಇಂದೂ ಅದೇ ಮೊತ್ತ. ಇಲ್ಲೇ ಉಳಿದವರಿಗೆ ಅದೇ ಪಿಂಚಣಿ 2025-26ರ ಹೊತ್ತಿಗೆ 176.45 ಆಗಿತ್ತು. ಇದರ ವಿರುದ್ಧದ ಮೊಕದ್ದಮೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿ 2010ರಲ್ಲಿ ಸೋತಿತು. ಒಂದೇ ವಂತಿಗೆ ಕಟ್ಟಿದವರಿಗೆ, ನೆಲೆಸಿದ ದೇಶ ನೋಡಿ ಎರಡು ಬಗೆ ಮಾಡುವುದು ಅನ್ಯಾಯ ಎಂದೇ ನನ್ನ ನಿಲುವು. ಕಡಿಮೆ ಆದಾಯದ ವೃದ್ಧರಿಗೆ ಸಿಗುವ ಪೆನ್ಷನ್ ಕ್ರೆಡಿಟ್ ಕೂಡ ಬ್ರಿಟನ್ ಬಿಟ್ಟು ನೆಲೆಸಿದರೆ ನಿಂತುಹೋಗುತ್ತದೆ. ಮರಳುವ ಯೋಚನೆ ಇರುವವರು ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ತೀರ್ಮಾನಿಸಬೇಕು.

ಇನ್ನೊಂದು ಮಾತು: ವಯಸ್ಸು ತುಂಬಿದ ದಿನ ಪಿಂಚಣಿ ತಾನಾಗಿ ಖಾತೆಗೆ ಬಂದು ಬೀಳುವುದಿಲ್ಲ, ಅರ್ಜಿ ಹಾಕಬೇಕು. ಊರಿನಲ್ಲಿರುವವರು ಬ್ರಿಟನ್ ಸರ್ಕಾರದ ಇಂಟರ್‌ನ್ಯಾಷನಲ್ ಪೆನ್ಷನ್ ಸೆಂಟರ್‌ಗೆ ಹಾಕಬೇಕು. ಹಿಂದೆ ಇಲ್ಲಿ ದುಡಿದು ಮರಳಿದ ಅಪ್ಪ, ಅಮ್ಮ, ಚಿಕ್ಕಪ್ಪ ನಿಮ್ಮ ಮನೆಯಲ್ಲಿದ್ದರೆ ಅವರ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಇರುವ ಹಳೆಯ ಕಾಗದವನ್ನು ಹುಡುಕಿ, ಎಷ್ಟು ವರ್ಷ ಜಮೆಯಾಗಿದೆ ಎಂದು ವಿಚಾರಿಸಿ.