ಎಣ್ಣೆ ಕುಡಿದ ವಾಲ್ನಟ್ ಮರ: ಇನ್‌ಲ್ಯಾಂಡ್ ಕಾರ್ಬೈನ್ ಎಲ್ಲಿಗೆ ಬಂತು

ಮೊನ್ನೆ ಭಾನುವಾರ, ಎಣ್ಣೆ ಹೀರಲೆಂದು ಒಂಬತ್ತನೇ ಸಲ ಮೆತ್ತಿದ ಸೀಮೆಸುಣ್ಣದ ಪುಡಿ ಬಿಳಿಯಾಗಿಯೇ ಉದುರಿತು. ಎಣ್ಣೆಯ ಕಲೆ ಒಂದು ಚುಕ್ಕಿಯೂ ಇಲ್ಲ. ಗ್ಯಾರೇಜಿನಿಂದಲೇ ಕೂಗಿ ಹೆಂಡತಿಯನ್ನು ಕರೆದು ತೋರಿಸಿದೆ. ಏಪ್ರಿಲ್‌ನಿಂದ ಕಾಡಿಸಿದ, ನನ್ನ ಹಳೆಯ ಎಂ1 ಕಾರ್ಬೈನ್ ಎಂಬ ಗಿಡ್ಡ ರೈಫಲ್ಲಿನ ಸ್ಟಾಕ್ (ಮರದ ಭಾಗ) ಅಂತೂ ಒಣಗಿತು.

ಬಿಚ್ಚಿದ್ದು, ಬೋಲ್ಟ್ ತೊಳೆದದ್ದು, ಗ್ಯಾಸ್ ಪಿಸ್ಟನ್ ನಟ್ಟಿನ ಬಿಗಿ ನೋಡಿದ್ದು, ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ತಯಾರಾದ 60 ಲಕ್ಷಕ್ಕೂ ಹೆಚ್ಚು ಎಂ1 ಕಾರ್ಬೈನ್‌ಗಳಲ್ಲಿ ಸುಮಾರು 26 ಲಕ್ಷ ನಾನಿರುವ ಅಮೆರಿಕದ ಈ ಡೇಟನ್ ಊರಿನಲ್ಲೇ, ಜನರಲ್ ಮೋಟಾರ್ಸ್‌ನ ಇನ್‌ಲ್ಯಾಂಡ್ ವಿಭಾಗದಲ್ಲಿ ಹುಟ್ಟಿದವು. ನನ್ನದರ ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಮೈ) ಇನ್‌ಲ್ಯಾಂಡ್‌ದು, ನಳಿಗೆ ಟೈಪ್‌ರೈಟರ್ ಮಾಡುತ್ತಿದ್ದ ಅಂಡರ್‌ವುಡ್‌ದು, ಸ್ಟಾಕಿನ ಮೇಲೆ ಸೇನೆಯ ಶಸ್ತ್ರಾಗಾರವಾದ ರಾಕ್ ಐಲ್ಯಾಂಡ್ ಆರ್ಸೆನಲ್‌ನ ಮರುಜೋಡಣೆಯ ಮುದ್ರೆ. ಈ ಬೆರಕೆಯೇ ಅದರ ಚರಿತ್ರೆ. ಹಾಗಾಗಿ ಹೊಸ ಸ್ಟಾಕ್ ತಂದು ಹಾಕು ಎಂದವರ ಮಾತು ನಾನು ಕೇಳಲಿಲ್ಲ. ಮರಳು ಕಾಗದವನ್ನಂತೂ ಹತ್ತಿರವೂ ತರಲಿಲ್ಲ. ಉಜ್ಜಿದರೆ ಆ ಮುದ್ರೆ ಹೋಯಿತು, ಮತ್ತೆ ಬರುವುದಿಲ್ಲ.

ತೊಂದರೆ ಇದ್ದದ್ದು ರಿಕಾಯಿಲ್ ಪ್ಲೇಟಿನ ಹಿಂದೆ, ಅಂದರೆ ರಿಸೀವರಿನ ಹಿಂತುದಿಯನ್ನು ಹಿಡಿದು ಗುಂಡಿನ ಒದೆತವನ್ನು ಮರಕ್ಕೆ ದಾಟಿಸುವ ಉಕ್ಕಿನ ತುಂಡಿನ ಹಿಂದೆ. 50 ಗಜದಲ್ಲಿ ಹತ್ತು ಗುಂಡು ಹೊಡೆದರೆ ಆರಿಂಚು ಹರಡುತ್ತಿತ್ತು. ಪ್ಲೇಟಿನ ಸ್ಕ್ರೂ ಬಿಗಿ ಮಾಡಿದಷ್ಟೂ ಪ್ಲೇಟು ಮರದೊಳಕ್ಕೆ ಇಳಿಯುತ್ತಿತ್ತು. ಬಿಚ್ಚಿ ಉಗುರಿನಿಂದ ಒತ್ತಿದೆ. ಮರ ನೆನೆದ ಬೆಲ್ಲದ ಹಾಗೆ ಮೆತ್ತಗೆ, ಒತ್ತಿದಲ್ಲಿ ಕಪ್ಪು ಎಣ್ಣೆ ಜಿನುಗಿತು. ದಶಕಗಳ ಕಾಲ ಮೂತಿ ಮೇಲೆ ಮಾಡಿ ನಿಲ್ಲಿಸಿದ್ದಾರೆ. ಲೋಹಕ್ಕೆ ಹಾಕಿದ ಎಣ್ಣೆಯೆಲ್ಲ ಇಳಿದಿಳಿದು ಅಲ್ಲಿಯೇ ಮಡುಗಟ್ಟಿದೆ.

ಮೊದಲು ಬಣ್ಣ ತೆಳು ಮಾಡುವ ಮಿನರಲ್ ಸ್ಪಿರಿಟ್‌ನಲ್ಲಿ ಒರೆಸಿದೆ. ಒಂದು ವಾರ ಚೆಂದ, ಮತ್ತೆ ಜಿನುಗು. ಆಮೇಲೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಇಡೀ ಸ್ಟಾಕಿಗೆ ಬಳಿದೆ. ಪುಡಿ ಕಂದು ಬಣ್ಣಕ್ಕೆ ತಿರುಗಿ ಉದುರಿತು, ಮೈ ಹಗುರಾಯಿತು, ಆದರೆ ಪ್ಲೇಟಿನ ಹಿಂದೆ ಅದೇ ಕಥೆ. ನಡುವೆ ಪುಡಿ ಮುಗಿಯಿತು. ಬಿಳಿ ಪುಡಿ ತರಿಸಿದರೆ ಮಾರಾಟಗಾರ ಕಳಿಸಿದ್ದು ಗಾರೆಯವರು ದಾರಕ್ಕೆ ಹಚ್ಚುವ ನೀಲಿ ಪುಡಿ! ಡಬ್ಬಿ ತೆರೆದು ನೋಡದೆ ಕಲಸಿದ್ದರೆ 80 ವರ್ಷದ ವಾಲ್ನಟ್ ನೀಲಿಯಾಗುತ್ತಿತ್ತು. ವಾಪಸು ಮಾಡಿ ಬೇರೆ ಬರಲು ಎರಡು ವಾರ. ಇನ್ನೊಬ್ಬ ಮಾರಾಟಗಾರ 'ಅಸಲಿ' ಎಂದು ಕೊಟ್ಟ ರಿಕಾಯಿಲ್ ಪ್ಲೇಟಿನಲ್ಲಿ ರಿಸೀವರಿನ ಕೊಂಡಿ ಲೊಡಲೊಡ ಅಲ್ಲಾಡಿತು. ಅದು ಇತ್ತೀಚೆಗೆ ಮಾಡಿದ ನಕಲು. ಬೆಲೆ ಮಾತ್ರ ಅಸಲಿಯದು. ಹಳೆಯ ವಸ್ತು ಮಾರುವವರಿಗೆ ಇಷ್ಟಾದರೂ ನಿಯತ್ತು ಬೇಡವೇ?

ದಾರಿ ತೋರಿಸಿದ್ದು ದೇವರ ಮನೆಯ ದೀಪ. ಬತ್ತಿ ಎಣ್ಣೆಯನ್ನು ಎಳೆಯುವುದು ಉದ್ದಕ್ಕೆ, ತುದಿಯ ಕಡೆಗೆ. ಮರದ ಎಳೆಯೂ ಹಾಗೆಯೇ. ಇಡೀ ಮೈಗೆ ಬಳಿದರೆ ಎಣ್ಣೆ ಅಡ್ಡಕ್ಕೆ ಎಷ್ಟು ತಾನೇ ಬಂದೀತು? ಪ್ಲೇಟ್ ಕೂರುವ ಕಡೆ ಎಳೆಗಳ ಬಾಯಿ ತೆರೆದಿದೆ. ಅಲ್ಲಿಗೆ ಮಾತ್ರ ಬೆರಳು ದಪ್ಪ ಪುಡಿ ಮೆತ್ತಿ, ಅಸಿಟೋನ್ ಪೂರ್ತಿ ಆರಿದ ಮೇಲೆ ಉಳಿದ ಭಾಗವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಆ ಬಾಯಿ ಕೆಳಕ್ಕೆ ಬರುವಂತೆ ಜುಲೈ ಬಿಸಿಲಿಗೆ ತಲೆಕೆಳಗಾಗಿ ನಿಲ್ಲಿಸಿದೆ. ಸಂಜೆ ನೋಡಿದರೆ ಪುಡಿ ಕಾಫಿ ಗಸಿಯ ಬಣ್ಣ! ಹೀಗೆ ಒಂಬತ್ತು ಸಲ.

ಮೂರು ವಾರ ನೆರಳಲ್ಲಿ ಆರಲು ಬಿಡುತ್ತೇನೆ. ಆಮೇಲೆ ತಗ್ಗಾದ ಜಾಗಕ್ಕೆ ವಾಲ್ನಟ್ ಚಕ್ಕೆ ಅಂಟಿಸಿ, ಹಳೆಯ ಪ್ಲೇಟನ್ನೇ ಕೂರಿಸುವುದು. ನಳಿಗೆಯನ್ನು ಸ್ಟಾಕಿಗೆ ಬಿಗಿಯುವ ಬ್ಯಾಂಡ್ ಹಾಕುವ ಮುನ್ನ ನಳಿಗೆ ಸ್ಟಾಕಿನ ತುದಿಯಿಂದ ತುಸು ಎದ್ದು ನಿಲ್ಲಬೇಕು. ನಿಂತರೆ ಗೆದ್ದ ಹಾಗೆ. ಕೊನೆಗೆ ಅಗಸೆ ಎಣ್ಣೆ, ತೆಳುವಾಗಿ. ಅದರ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಗೆಳೆಯನೊಬ್ಬ ಇದಕ್ಕೆ ಮಡಚುವ ಸ್ಟಾಕ್ ಹಾಕೆನ್ನುತ್ತಾನೆ. ಪ್ಯಾರಾಟ್ರೂಪರುಗಳಿಗೆಂದು ಮಡಚುವ ಸ್ಟಾಕಿನ ಎಂ1ಎ1 ಮಾಡಿದ್ದೂ ಇನ್‌ಲ್ಯಾಂಡ್ ಒಂದೇ, ಸುಮಾರು 1,40,000. ಆಸೆ ನನಗೂ ಇದೆ, ಆದರೆ ಇದರ ಮೇಲಲ್ಲ. ನನ್ನ ಕಣ್ಣಿರುವುದು ಇಶಾಪುರದ 2ಎ1 ಮೇಲೆ. ಬಂಗಾಳದಲ್ಲಿ 7.62 ಮಿ.ಮೀ. ತೋಟಾಕ್ಕೆಂದೇ ಮಾಡಿದ ಎನ್‌ಫೀಲ್ಡ್ ರೈಫಲ್. ಇಲ್ಲಿನ ಆಮದುದಾರರು ಎಷ್ಟನ್ನೋ ಮೊಟಕಾಗಿಸಿ 'ಜಂಗಲ್ ಕಾರ್ಬೈನ್' ಎಂದು ಮಾರಿದರು. ಕತ್ತರಿಸದ ಒಂದು ಸಿಕ್ಕಿದರೆ ಚಳಿಗಾಲಕ್ಕೆ ಅದೇ ಕೆಲಸ.

ಊರಿಗೆ ಫೋನ್ ಮಾಡಿ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ತೀರ್ಥಹಳ್ಳಿಯ ತೋಟ ಕಾಯಲು ಅವರ ಬಳಿ ಲೈಸನ್ಸಿನ ಒಂಟಿನಳಿಗೆ ಕೋವಿ ಇದೆ. "ಎಣ್ಣೆ ಹಾಕಿದ ಮೇಲೆ ಮೂತಿ ಕೆಳಗೆ ಮಾಡಿ ಇಡೋದಲ್ವೇನೋ ಮಾರಾಯ? ನಿಂಗೆ ಸಣ್ಣೋನಿದ್ದಾಗಲೇ ಹೇಳಿದ್ದೆನಲ್ಲ" ಅಂದರು.

ಇವತ್ತು ಕೋವಿ ಇಡುವ ಸೇಫಿನ ತಳಕ್ಕೆ ಕಂಬಳಿಯ ತುಂಡು ಹಾಸಿದ್ದೇನೆ, ಮೂತಿ ಊರಲು.