ಕೆಳಗಿಳಿದ ಮುಳ್ಳು

ನಮ್ಮ ಮೆಟಡೋರ್ ಕೊಂಡ ದಿನದಿಂದಲೂ ಅದರ ಹೀಟ್ ಮೀಟರಿನ ಮುಳ್ಳು ‘ಸಿ’ ಅಕ್ಷರದ ಮೇಲೆಯೇ, ಅಂದರೆ ತಂಪಿನ ತುದಿಯಲ್ಲೇ, ಮಲಗಿತ್ತು. ಮಾರಿದವರು "ಎಂಜಿನ್ ಅಷ್ಟು ತಂಪು ಸಾರ್" ಅಂದಿದ್ದರು. ನಾನೂ ನಂಬಿದವನ ಹಾಗೆ ತಲೆ ಆಡಿಸಿದ್ದೆ. ಗಾಡಿ ಬೇಕಿತ್ತಲ್ಲ.

1994ರ ಗಾಡಿ. ಮೊದಲು ಮದುವೆ ದಿಬ್ಬಣಕ್ಕೆ, ಆಮೇಲೆ ಅಡುಗೆಯವರ ಪಾತ್ರೆ ಸಾಗಿಸಲಿಕ್ಕೆ ಓಡಿದ್ದು. ಈಗ ಒಳಗೆ ಇಬ್ಬರು ಮಲಗುವ ಮಂಚ, ಸಣ್ಣ ಸಿಂಕು, ಗ್ಯಾಸ್ ಒಲೆ, 40 ಲೀಟರಿನ ನೀರಿನ ಟ್ಯಾಂಕು ಉಂಟು. (ಇದನ್ನೆಲ್ಲ ಆರ್‌ಸಿಯಲ್ಲಿ ಸೇರಿಸಲಿಕ್ಕೆ ಓಡಾಡಿದ ಕಥೆ ಬೇರೆ. ಅದನ್ನು ಬರೆದರೆ ಇದು ಮುಗಿಯುವುದಿಲ್ಲ.) ಎಂಜಿನ್ ಮಾತ್ರ ಹಳೆಯದೇ. ಮರ್ಸಿಡಿಸ್‌ನ ಓಎಂ 616, ಲೈಸೆನ್ಸ್ ಪಡೆದು ಇಲ್ಲಿ ತಯಾರಿಸಿದ್ದು. 4 ಸಿಲಿಂಡರ್, 2.4 ಲೀಟರ್ ಡೀಸೆಲ್, ಸಿಲಿಂಡರುಗಳ ಮೇಲೆ ಕೂರುವ ಹೆಡ್ಡೂ ಬೀಡು ಕಬ್ಬಿಣದ್ದು. ಅಡಿಕೆ ಸುಲಿಯುವ ಮೆಷಿನಿನ ಹಾಗೆ ಶಬ್ದ ಮಾಡುತ್ತದೆ, ಆದರೆ ಗಟ್ಟಿ ಪಿಂಡ.

ಅಪ್ಪನಿಗೆ ಹೀಟ್ ಮೀಟರಿನ ಅಗತ್ಯವೇ ಇರಲಿಲ್ಲ. ಅವರ ಜೀಪಿಗೆ ಅವರ ಮೂಗೇ ಮೀಟರ್. ಏರು ಹತ್ತುವಾಗ ಒಮ್ಮೆ ಮೂಗು ಅರಳಿಸಿ, "ನಿಲ್ಲಿಸುವ, ಅದಕ್ಕೂ ಒಂದು ಬೀಡಿ ಎಳೆಯುವಷ್ಟು ಹೊತ್ತು ಬೇಕು" ಅನ್ನುತ್ತಿದ್ದರು. ನನಗೆ ಆ ಮೂಗು ಬಂದಿಲ್ಲ. ಬಂದದ್ದು ಬರೀ ಶೀತ.

ಮುಳ್ಳೇರಿಯದ ಮೆಕ್ಯಾನಿಕ್ ಒಬ್ಬರನ್ನು ನಾವೆಲ್ಲ ಇಚ್ಚ ಅಂತಲೇ ಕರೆಯುವುದು. ಅವರು ಮಾಡಿದ ಮೊದಲ ಪರೀಕ್ಷೆ ಸುಲಭದ್ದು. ಕೀ ಆನ್ ಮಾಡಿ, ಸೆನ್ಸರಿನ ವಯರನ್ನು ಕಿತ್ತು ಎಂಜಿನಿನ ಮೈಗೆ ಮುಟ್ಟಿಸಿದರು. ಮೀಟರ್ ಸರಿ ಇದ್ದರೆ ಮುಳ್ಳು ಸರ್ರನೆ ಬಿಸಿಯ ತುದಿಗೆ, ‘ಎಚ್’ ಕಡೆಗೆ ಓಡಬೇಕು. ಓಡಲಿಲ್ಲ. ನೋಡಿದರೆ ಯಾರೋ ಸ್ಟೀರಿಯೋ ಕೂರಿಸುವಾಗ ಆ ವಯರನ್ನು ಡ್ಯಾಶ್‌ಬೋರ್ಡಿನ ಹಿಂದೆ ಕತ್ತರಿಸಿ, ನೀಟಾಗಿ ಟೇಪು ಸುತ್ತಿ ಬಿಟ್ಟಿದ್ದರು. ಬೇರೆ ವಯರು ಎಳೆದು ನೋಡಿದೆವು. ಮುಳ್ಳು ಆಗಲೂ ಏಳಲಿಲ್ಲ.

ಸರಿ, ಹೊಸದೇ ಆಗಲಿ ಅಂದುಕೊಂಡೆ. ಅಂಗಡಿಯಲ್ಲಿ ಎರಡು ತರಹ ಸಿಗುತ್ತದೆ. ಒಂದಕ್ಕೆ ಕರೆಂಟೇ ಬೇಡ, ಎಂಜಿನಿನಿಂದ ಮೀಟರಿನವರೆಗೆ ಕೂದಲಿನಂಥ ಸಣ್ಣ ಟ್ಯೂಬು. ಬಿಸಿಗೆ ಒಳಗಿನ ಒತ್ತಡ ಏರಿ ಮುಳ್ಳನ್ನು ತಳ್ಳುತ್ತದೆ. ನಂಬಿಕೆಗೆ ಅದೇ ಒಳ್ಳೆಯದು. ಆದರೆ ಆ ಟ್ಯೂಬನ್ನು ಕತ್ತರಿಸುವ ಹಾಗಿಲ್ಲ, ಮಡಿಸುವ ಹಾಗಿಲ್ಲ. ಮೆಟಡೋರಿನಲ್ಲಿ ಎಂಜಿನ್ ಇರುವುದು ನಮ್ಮಿಬ್ಬರ ಸೀಟಿನ ನಡುವೆ, ಮುಚ್ಚಳದ ಕೆಳಗೆ. ಸಣ್ಣ ಕೆಲಸಕ್ಕೂ ಆ ಮುಚ್ಚಳ ಎತ್ತಬೇಕು. ಟ್ಯೂಬು ಒಂದು ತಿಂಗಳೂ ಬಾಳಲಿಕ್ಕಿಲ್ಲ. ಹಾಗಾಗಿ ವಯರಿನದ್ದನ್ನೇ ತಗೊಂಡೆ. 52 ಮಿಲಿಮೀಟರಿನ ಗುಂಡು ಮೀಟರ್, ಜೊತೆಗೊಂದು ಸೆನ್ಸರ್.

ಈ ಸೆನ್ಸರಿನ ಗುಣ ಏನೆಂದರೆ ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಕೂರಿಸುವ ಮೊದಲು ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆ. ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ 450 ಓಮ್‌ನ ಹತ್ತಿರ. ಕುದಿಯುವ ನೀರಿಗೆ ಇಳಿಸಿದಾಗ 38. ನಮ್ಮ ಊರು ಕಡಲಿನ ಮಟ್ಟಕ್ಕೆ ಹತ್ತಿರ, ಕುದಿಯುವ ನೀರು ಅಂದರೆ ಹೆಚ್ಚುಕಮ್ಮಿ 100 ಡಿಗ್ರಿಯೇ. ಮನೆಯವಳು ಬಾಗಿಲಲ್ಲಿ ನಿಂತು ನೋಡಿದಳು. "ಅದು ಚಾದ ಪಾತ್ರೆ ಅಲ್ವಾ?" ಅಂದಳು. ಹೌದು, ಅದು ಚಾದ ಪಾತ್ರೆ. ಈಗ ಅದು ಶೆಡ್ಡಿನಲ್ಲಿ ಉಂಟು.

ಸೆನ್ಸರಿನ ಥ್ರೆಡ್ಡು ಒಂದು ತರಹ, ಹೆಡ್ಡಿನ ತೂತು ಇನ್ನೊಂದು ತರಹ. ಲೇತಿನವರ ಹತ್ತಿರ ಹಿತ್ತಾಳೆಯ ಬುಷ್ ಮಾಡಿಸಿದೆ. ಲೇತಿನವರದ್ದು ತುಳು, ಇಚ್ಚರದ್ದು ಮಲಯಾಳ, ನನ್ನದು ಕನ್ನಡ. ಮೂರರಲ್ಲೂ ಥ್ರೆಡ್ಡು ಅಂದರೆ ಥ್ರೆಡ್ಡೇ, ಹಾಗಾಗಿ ತೊಂದರೆ ಆಗಲಿಲ್ಲ.

ತಪ್ಪು ಮಾಡಿದ್ದು ನಾನು. ತೋಟದ ಸ್ಪ್ರಿಂಕ್ಲರ್ ಪೈಪಿಗೆ ಬಿಳಿ ಟೇಪು ಸುತ್ತಿ ಸುತ್ತಿ ಅಭ್ಯಾಸ. ಸೆನ್ಸರಿಗೂ ಹಾಗೇ ಏಳೆಂಟು ಸುತ್ತು ಹಾಕಿ ಬಿಗಿದೆ. ನೀರು ಒಂದು ಹನಿ ಸೋರಲಿಲ್ಲ. ಮುಳ್ಳೂ ಅಲುಗಲಿಲ್ಲ. ಒಂದೇ ವಯರಿನ ಸೆನ್ಸರಿಗೆ ಅರ್ತ್ ಸಿಗುವುದು ಅದರ ಥ್ರೆಡ್ಡಿನಿಂದಲೇ. ನಾನು ಅದಕ್ಕೆ ಚೆನ್ನಾಗಿ ಕಂಬಳಿ ಹೊದಿಸಿದ್ದೆ. ಬಿಚ್ಚಿ, ಟೇಪು ಕೆರೆದು, ತಾಮ್ರದ ವಾಷರ್ ಹಾಕಿ ಬಿಗಿದ ಮೇಲೆ ಮುಳ್ಳು ಎದ್ದಿತು.

ಎದ್ದದ್ದು 60ರವರೆಗೆ ಮಾತ್ರ. ಎಷ್ಟು ಓಡಿಸಿದರೂ 60. ಇಚ್ಚರಿಗೆ ಹೇಳಿದರೆ ನಕ್ಕರು. ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಇರಲೇ ಇಲ್ಲ! ಸೆಕೆಯ ಊರಿಗೆ ಅದು ಬೇಡ ಅಂತ ಕಿತ್ತು ಬಿಸಾಡುವುದು ನಮ್ಮಲ್ಲಿ ಹಳೆಯ ಕ್ರಮ. ನನಗೆ ಈ ವಾದ ಹಿಡಿಸುವುದಿಲ್ಲ. ಡೀಸೆಲ್ ಎಂಜಿನ್ ಯಾವಾಗಲೂ ತಣ್ಣಗೇ ಓಡಿದರೆ ಎಣ್ಣೆ ಸರಿಯಾಗಿ ಉರಿಯುವುದಿಲ್ಲ, ಹೊಗೆ ಜಾಸ್ತಿ, ಸವೆತ ಜಾಸ್ತಿ. ಹೊಸದು ಹಾಕಿಸಿದೆ. ಮುಳ್ಳು 85ರ ಹತ್ತಿರ ನಿಂತಿತು. ಒಂದು ವಾರ ನಾನು ರಸ್ತೆಗಿಂತ ಅದನ್ನೇ ಜಾಸ್ತಿ ನೋಡಿದೆ.

ಮಡಿಕೇರಿಗೆ ಹೊರಟದ್ದು ಆಮೇಲೆ. ಜಾಲ್ಸೂರು, ಸುಳ್ಯ ದಾಟಿ ಸಂಪಾಜೆಯವರೆಗೂ 85. ಘಾಟಿಯಲ್ಲಿ ಎರಡನೇ ಗೇರಿಗೆ ಇಳಿದಾಗ 90, ಮತ್ತೆ 94. ಅಂಗೈ ಬೆವರಿತು. ಜೋಡುಪಾಲ ದಾಟುವಾಗ ಮುಳ್ಳು ಇಳಿಯತೊಡಗಿತು. 85, 75, 65. "ನೋಡಿದ್ಯಾ, ಮಡಿಕೇರಿಯ ಗಾಳಿ!" ಅಂದೆ.

"ಗಾಳಿ ಇರ್ಲಿ. ಬೆಲ್ಲದ ಪಾಕದ ವಾಸನೆ ಎಂತದ್ದು?" ಅಂದಳು ಅವಳು.

ಎಂಜಿನ್ ತಂಪು ಮಾಡುವ ನೀರಿಗೆ ಬೆರೆಸುವ ಕೂಲೆಂಟಿನ ವಾಸನೆ ಸಿಹಿ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ ಹೊಳೆಯಲಿಕ್ಕೆ ಒಂದು ತಿರುವು ಬೇಕಾಯಿತು. ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ ಮುಚ್ಚಳ ಎತ್ತಿದರೆ, ಕೆಳಗಿನ ಹೋಸಿನ ಕ್ಲಿಪ್ಪು ಸಡಿಲಾಗಿ ನೀರೆಲ್ಲ ರಸ್ತೆಗೆ ಹೋಗಿತ್ತು. ಸೆನ್ಸರ್ ಇರುವುದು ಮೇಲೆ, ಹೆಡ್ಡಿನಲ್ಲಿ. ನೀರು ಅದರ ತುದಿಗಿಂತ ಕೆಳಗಿಳಿದ ಮೇಲೆ ಅದು ಮುಟ್ಟುವುದು ಗಾಳಿಯನ್ನು, ಹಬೆಯನ್ನು. ಕಬ್ಬಿಣ ಸುಡುತ್ತಿರುತ್ತದೆ, ಮುಳ್ಳು ತಂಪು ಅನ್ನುತ್ತದೆ. ಮೀಟರಿನ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅದು ಅಳೆಯುವುದು ನೀರಿನ ಬಿಸಿಯನ್ನು. ನೀರೇ ಇಲ್ಲದಿದ್ದರೆ ಅದೇನು ಮಾಡೀತು?

ಮುಕ್ಕಾಲು ಗಂಟೆ ಕೂತೆವು. ಅವಳು ಹಿಂದೆ ಹೋಗಿ ಚಾ ಮಾಡಿದಳು, ಹೊಸ ಪಾತ್ರೆಯಲ್ಲಿ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಬೇಯುತ್ತದೆ. ಕಾದ ಎಂಜಿನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿದರೂ ಬಿರಿಯಿತು. ಮೈ ಮುಟ್ಟುವಷ್ಟು ಆರಿದ ಮೇಲೆ ಕ್ಲಿಪ್ಪು ಬಿಗಿದು, ಸಿಂಕಿನ ನಲ್ಲಿಯಿಂದ ನಮ್ಮ ಬಾವಿಯ ನೀರನ್ನೇ ಹಿಡಿದು ತುಂಬಿಸಿದೆ. ಆರು ಲೀಟರ್ ಕುಡಿಯಿತು. ಹೆಡ್ಡು ಉಳಿಯಿತು.

ಊರಿಗೆ ಬಂದ ಮೇಲೆ ಇನ್ನೊಂದು ಸೆನ್ಸರ್ ಹಾಕಿಸಿದ್ದೇನೆ. ಇದು ವಾಷರಿನ ಹಾಗೆ ಇರುತ್ತದೆ, ನೀರಿನ ಹಂಗಿಲ್ಲ, ನೇರ ಲೋಹದ ಬಿಸಿ ನೋಡುತ್ತದೆ, ಮಿತಿ ಮೀರಿದರೆ ಕಿರುಚುತ್ತದೆ. ಹೆಡ್ಡಿನ ಮೇಲಿರುವ ಒಂದು ಬ್ರಾಕೆಟಿನ ಬೋಲ್ಟಿನ ಅಡಿಗೆ ಕೂರಿಸಿದ್ದು. ಹೆಡ್ ಬೋಲ್ಟಿಗೇ ಹಾಕುವ ಅಂದಿದ್ದೆ. ಇಚ್ಚ ಕೈ ಹಿಡಿದು ನಿಲ್ಲಿಸಿದರು, ಅದರ ಬಿಗಿ ಕೆಟ್ಟರೆ ಗ್ಯಾಸ್ಕೆಟ್ ಹೋಗುತ್ತದೆ ಅಂತ.

ಮೊನ್ನೆ ಬೇಕಲಕ್ಕೆ ಹೋಗುತ್ತಿದ್ದೆವು. ಒಂದು ಇಳಿಜಾರಿನಲ್ಲಿ ಅವಳು, "ಮುಳ್ಳು ಇಳೀತಾ ಉಂಟು" ಅಂದಳು. ನಾನು ಬ್ರೇಕ್ ಒತ್ತಿಯೇಬಿಟ್ಟೆ. ಹಿಂದಿನ ಬಸ್ಸಿನವನು ಹಾರ್ನು ಬಡಿದ. 81. ಇಳಿಜಾರಿಗೆ ಎಂಜಿನಿಗೆ ಕೆಲಸವಿಲ್ಲ, ತಣಿದಿತ್ತು, ಅಷ್ಟೇ. ಆದರೂ ಇಬ್ಬರೂ ಒಮ್ಮೆ ಮೂಸಿ ನೋಡಿದೆವು.